ನಿನ್ನ ಇದ್ದಿಲು ಒಣಗಿತ್ತು

ಬಾಗೇವಾಡಿ, 1957

ಹೂವಿನ ಹಿಪ್ಪರಗಿಯ ಖಾತುನಬಿ ಅವ್ವನಿಗೆ, ಡ್ರೈವರ್ ಮಾಳಿಂಗಪ್ಪ ತಲೆ ತಗ್ಗಿಸಿ ಬರೆಯುವುದು.

ಕ್ಷೇಮ ಕೇಳುವ ಮುಖ ನನಗಿಲ್ಲ. ಮೊನ್ನೆ ಬಸ್ಸಿನ ಶೆಡ್ಡಿನ ಮೂಲೆಯಲ್ಲಿದ್ದ ಹಳೇ ಗ್ಯಾಸಿನ ಡ್ರಮ್ಮನ್ನು ಗುಜರಿಗೆ ಒಯ್ದರು. ಅದರ ಹಿಂದೆ ನಿನ್ನ ಇದ್ದಿಲಿನ ಒಂದು ತುಂಡು ಸಿಕ್ಕಿತು. ಕಲ್ಲಿಗೆ ಬಡಿದೆ. ಟಣ್ ಎಂದಿತು. ಅಂದೇ ಈ ಕಾಗದ ಬರೆಯಲು ಕೂತೆ.

ಏಳು ವರ್ಷದ ಹಿಂದೆ ಪೆಟ್ರೋಲಿಗೆ ಬರ. ನೀನು ಜಾಲಿ ಕಟ್ಟಿಗೆ ಸುಟ್ಟು ಮಾಡಿದ ಇದ್ದಿಲನ್ನು ಡ್ರಮ್ಮಿಗೆ ತುಂಬಿ, ಬೆಂಕಿ ಹಾಕಿ, ಪಂಕ ತಿರುಗಿಸಿದರೆ ಗ್ಯಾಸು. ಆ ಗ್ಯಾಸಿನಿಂದಲೇ ಬಸ್ಸು ಓಡುತ್ತಿತ್ತು. ಆದರೆ ಎಂಜಿನ್ ಎಬ್ಬಿಸಲು ಮೊದಲು ಸ್ವಲ್ಪ ಪೆಟ್ರೋಲು ಬೇಕಿತ್ತು. ಅದರ ಡಬ್ಬವನ್ನು ಮಾಲೀಕರು ನನ್ನನ್ನು ನಂಬಿ ಕೊಟ್ಟಿದ್ದರು.

ಒಂದು ದಿನ ನಿಡಗುಂದಿಯಿಂದ ತಂಗಿಯ ಬೀಗರನ್ನು ಕರೆತಂದೆ. ಏರು ಬಂದರೆ ಗ್ಯಾಸಿನ ಗಾಡಿ ಸೋಲುತ್ತಿತ್ತು, ಮಂದಿ ಇಳಿದು ತಳ್ಳಬೇಕಿತ್ತು. ಬೀಗರ ಕೈಲಿ ಗಾಡಿ ತಳ್ಳಿಸುವುದೇ? ಅವರ ಬಿಳಿ ಧೋತರಕ್ಕೆ ಮಸಿ ಹತ್ತಿಸುವುದೇ? ದಾರಿಯುದ್ದಕ್ಕೂ ಪೆಟ್ರೋಲಿನ ಮೇಲೆ ಓಡಿಸಿದೆ. ಬೀಗರು ಹೊಗಳಿದ್ದೇ ಹೊಗಳಿದ್ದು. ಡಬ್ಬ ಬರಿದಾಯಿತು.

ಮರುದಿನ ಬೆಳಿಗ್ಗೆ ನಿನ್ನ ಸೊಸೆ ಶಮಶಾದಬಿಗೆ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿ, ಬಾಗೇವಾಡಿ ದವಾಖಾನೆಗೆ ಒಯ್ಯಲು ಹೇಳಿದ್ದಳು. ಅವಳನ್ನು ಬಸ್ಸಿನಲ್ಲಿ ಮಲಗಿಸಿದಿರಿ. ನಾನು ಹ್ಯಾಂಡಲ್ ಹೊಡೆದೆ. ಎಂಜಿನ್ ಏಳಲಿಲ್ಲ. ಮಾಲೀಕರು ಎದುರಿಗೇ ನಿಂತಿದ್ದರು.

“ಏನಾತೋ ಮಾಳಿಂಗ?”

“ಇದ್ದಲಿ ಹಸಿ ಐತ್ರಿ” ಅಂದುಬಿಟ್ಟೆ.

ನೀನು ಒಂದು ತುಂಡು ತೆಗೆದು ಗಾಲಿಗೆ ಬಡಿದೆ. ಟಣ್ ಎಂದಿತು. ಒಣಗಿದ ಇದ್ದಿಲಷ್ಟೇ ಹಾಗೆ ನುಡಿಯುತ್ತದೆ ಎಂದು ನನಗೆ ಕಲಿಸಿದವಳೇ ನೀನು. ಆದರೂ “ಡ್ರೈವರ್ ಹೇಳ್ತಾನಂದ್ರ ಖರೇನ ಇರಬೇಕು” ಎಂದು ಡ್ರಮ್ಮು ಖಾಲಿ ಮಾಡಿಸಿದೆ. ಹೆರಿಗೆಗೆಂದು ತಂದ ಕೌದಿಯ ಮೇಲೆ ಚೀಲದ ಇದ್ದಿಲನ್ನೆಲ್ಲ ಹರವಿ ಬಿಸಿಲಲ್ಲಿ ಕೂತೆ. ಒಳಗೆ ಶಮಶಾದಬಿ ನರಳುತ್ತಿದ್ದಳು. ಎದುರು ಮನೆಯಲ್ಲಿ ಶಂಕರೆಪ್ಪನವರ ಫಟಫಟಿ ಮೋಟಾರ್ ಸೈಕಲ್ಲು ನಿಂತಿತ್ತು. ಪೆಟ್ರೋಲು ತೀರಿದೆ ಎಂದು ಒಂದು ಮಾತು ಹೇಳಿದ್ದರೆ ಅದರಿಂದ ತೆಗೆದು ಕೊಡುತ್ತಿದ್ದರು. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಪೆಟ್ರೋಲಿಲ್ಲದೆ ಬರೀ ಗ್ಯಾಸಿನಿಂದಲೇ, ಪಂಕ ತಿರುಗಿಸಿ ತಿರುಗಿಸಿ ಎಂಜಿನ್ ಹೊರಡುವಷ್ಟರಲ್ಲಿ ಎರಡು ತಾಸು ಕಳೆದಿತ್ತು.

ಶಮಶಾದಬಿ ಉಳಿದಳು. ಕೂಸು ಉಳಿಯಲಿಲ್ಲ.

ದವಾಖಾನೆಯ ಕಟ್ಟೆಯ ಮೇಲೆ ನೀನು ನನ್ನ ಕೈ ಹಿಡಿದು ಅತ್ತೆ. “ನನ್ನ ಇದ್ದಲೀನ ನನ್ನ ಮೊಮ್ಮಗನ್ನ ತಿಂತು ತಮ್ಮಾ” ಅಂದೆ. “ಸಮಾಧಾನ ಮಾಡ್ಕೊ ಯವ್ವಾ” ಅಂದೆ ನಾನು. ಎಂಥ ಹೊಲಸು ಬಾಯಿ ನನ್ನದು! ಆಮೇಲೆ ನೀನು ಇದ್ದಿಲು ಸುಡುವುದನ್ನೇ ಬಿಟ್ಟೆ. ಏಳು ವರ್ಷ ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ನಿನಗೆ ಓದು ಬಾರದು. ಬೇರೆಯವರ ಕೈಲಿ ಓದಿಸಿ ನಾನು ತಪ್ಪಿಸಿಕೊಳ್ಳಬಾರದು. ಬರುವ ಸಂತೆಯ ದಿನ ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ, ಅಂದು ಸುಳ್ಳು ಕೇಳಿದ ಮಂದಿಯ ಮುಂದೆ, ಇದನ್ನು ನಾನೇ ಓದುತ್ತೇನೆ. ಬರಿಗೈಲಿ ಬಂದರೆ ನಾಲಗೆ ಇನ್ನೊಂದು ಸುಳ್ಳು ಹುಡುಕೀತು, ಅದಕ್ಕೇ ಬರೆದಿಟ್ಟೆ. ಕ್ಷಮಿಸು ಎಂದು ಕೇಳುವುದಿಲ್ಲ. ಆ ತುಂಡನ್ನೂ ತರುತ್ತೇನೆ. ಎಲ್ಲರೆದುರು ನೀನೇ ಬಡಿದು ಕೇಳಿಸು.

ನಿನ್ನ ಎದೆಯ ಮೇಲಿನ ಭಾರವನ್ನು ದೇವರು ಇಳಿಸಲಿ, ಅದು ಸೇರಬೇಕಾದವನ ಮೇಲೆ ಇಡಲಿ.

ನಿನ್ನ ಇದ್ದಿಲಿನ ಹೆಸರು ಕೆಡಿಸಿದ
ಮಾಳಿಂಗಪ್ಪ