ಸೋಮತ್ತೆಯ ಸರ

ಅಂಕೋಲೆ, ೧೮ ಫೆಬ್ರವರಿ ೧೯೩೭, ಗುರುವಾರ

ಸೋಮತ್ತೆಯ ಸರ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ. ಶನಿವಾರ ನೆರೆಮನೆಯ ಪುಂಡಲೀಕ ಕಾರವಾರದಲ್ಲಿ ಮುಂಬಯಿಗೆ ಹೋಗುವ ಆಗಬೋಟು ಹತ್ತುತ್ತಾನೆ. ಮುಂಬಯಿಯಲ್ಲಿ ಸರ ಮಾರಿ, ನಾನು ಹೇಳಿದ ಗಿರಣಿಯ ಶೇರು ಕೊಳ್ಳುತ್ತಾನೆ. ಅತ್ತೆಗಿರುವ ಬಂಗಾರ ಅದೊಂದೇ.

ಇಂಗ್ಲಿಷ್ ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಶೇರಿನ ಪುಸ್ತಕವನ್ನು ಡಿಕ್ಷನರಿ ಹಿಡಿದು ಓದುತ್ತಿದ್ದೇನೆ. ಕೊಳ್ಳುವ ಅಧ್ಯಾಯ ತಿಳಿದೊಡನೆ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ; ಅದನ್ನು ಕೇಳಿ ಅತ್ತೆ ಸರ ತಂದುಕೊಟ್ಟಳು. ನಿನ್ನೆ ನಷ್ಟದ ಅಧ್ಯಾಯ ಶುರುವಾಯಿತು. ಅರ್ಧ ಶಬ್ದಗಳು ಗೊತ್ತಿಲ್ಲ. ಗೊತ್ತಾದಷ್ಟರಲ್ಲೇ, ಹಾಕಿದ ದುಡ್ಡೆಲ್ಲ ಹೋಗಬಹುದೆಂದಿದೆ.

ಸಂಜೆ ಅತ್ತೆ ಮೀನು ಕೊಯ್ಯುತ್ತಿದ್ದಳು. ಎದುರು ಕುಳಿತು ಹೇಳಿಬಿಟ್ಟೆ: “ಅತ್ತೆ, ನಾ ಓದಿದ್ದು ಅರ್ಧ ಪುಸ್ತಕ ಮಾತ್ರ. ನಿನ್ನ ದುಡ್ಡು ಪೂರಾ ಮುಳುಗಲೂಬಹುದು.”

ಅವಳು ಈಳಿಗೆಯಿಂದ ಕಣ್ಣೆತ್ತಲಿಲ್ಲ. “ಬೇರೆಯವ್ರು ಹೀಂಗೆ ಹೇಳ್ತಿದ್ರೇನೋ ತಮಾ? ನಿಂಗೆ ಸುಳ್ಳು ಬರೂದಿಲ್ಲ, ಅದ್ಕೇ ನಿನ್ನ ಕೈಲಿ ಕೊಟ್ಟದ್ದು. ಉಳಿದರ್ಧ ನಾಳೆ ಓದು.”

ಸುಳ್ಳು ಹೇಳದವನಿಗೆ ಶೇರು ತಿಳಿಯುತ್ತದೆಂದು ಅವಳು ನಂಬಿದ್ದಾಳೆ. ನನಗೆ ತಿಳಿಯದೆಂದು ಹೇಳಿದಷ್ಟೂ ಆ ನಂಬಿಕೆ ಬೆಳೆಯುತ್ತದೆ. ನನಗೆ ಈಗ ಗಿರಣಿಗಿಂತ ಅದರದೇ ಹೆದರಿಕೆ.

ನಾಳೆ ಸರವನ್ನು ಅವಳ ಕೈಗೇ ಕೊಟ್ಟುಬಿಡುತ್ತೇನೆ. ಅವಳು ಸೀದಾ ಹೋಗಿ ಪುಂಡಲೀಕನಿಗೆ ಕೊಟ್ಟರೆ, ನಮ್ಮ ಹುಡುಗ ನಿಜ ಹೇಳುವವನು ಎಂದು ಹೇಳಿಯೇ ಕೊಟ್ಟಾಳು.