ಅಜ್ಜಿ ಏನ್ ಕೆಲಸ ಮಾಡ್ತಾರೆ?

ಅಪ್ಪನಿಗೆ ಅಕ್ಕ, ಗಂಡನಿಗೆ ಅವ್ವ, ನನಗೆ ಎರಡೂ ಕಡೆಯಿಂದ ಅತ್ತೆಯಾದವಳಿಗೆ,

ನಿನಗೆ ಓದು ಬರುತ್ತಿರಲಿಲ್ಲ. ಇದ್ದಾಗ ನಿನಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಈಗ ಇದನ್ನು ಯಾರು ಓದಿ ಹೇಳುತ್ತಾರೋ... ಅಪ್ಪ ಅಲ್ಲೇ ಎಲ್ಲೋ ಇರುತ್ತಾನಲ್ಲ, ಅವನ ಕೈಲಿ ಓದಿಸಿಕೋ. ತಮ್ಮ ಅಂತ ಸಲಿಗೆ ಕೊಟ್ಟರೆ ನಡುವೆ ನಾಲ್ಕು ಸಾಲು ನುಂಗಿಬಿಡುತ್ತಾನೆ, ಹುಷಾರು.

ನೀನು ಬಿಂಡಿಗನವಿಲೆಯಿಂದ ಬಂದಿಳಿದ ದಿನ ನೆನಪಾಗುತ್ತದೆ. ನನಗೆ ಸುಮಾ ಹುಟ್ಟಿ ಮೂರು ದಿನವಾಗಿತ್ತು. ನನ್ನ ಅವ್ವ ತೀರಿಹೋಗಿದ್ದಳು, ಬಾಣಂತನ ಮಾಡಲು ತವರಲ್ಲಿ ಯಾರೂ ಇರಲಿಲ್ಲ. ನಾಗಮಂಗಲಕ್ಕೊಂದು ಬಸ್ಸು, ಅಲ್ಲಿಂದ ಪಾಂಡವಪುರಕ್ಕೊಂದು, ಮತ್ತೆ ಇನ್ನೊಂದು ಹಿಡಿದು ಶ್ರೀರಂಗಪಟ್ಟಣದ ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದೆ. ಕಂಕುಳಲ್ಲಿ ಬಟ್ಟೆಗಂಟು, ಕೈಯಲ್ಲಿ ಹರಳೆಣ್ಣೆ ಸೀಸೆ. ಊರಲ್ಲಿ ನಿನ್ನ ಕುರಿಗಳ ಗತಿಯೇನು ಅಂತ ನಾನು ಕೇಳಿದೆ. "ನನ್ನ ವಾರಗಿತ್ತಿ ನೋಡ್ಕತಾಳೆ ಬುಡಮ್ಮಿ. ಮೂರು ತಿಂಗ್ಳು ತಾನೆ?" ಅಂತ ನೀನು. ಮೂರು ತಿಂಗಳು ಅಂದವಳು ಆರು ವರ್ಷ ಇದ್ದೆ. ಹೆರಿಗೆ ರಜೆ ಮುಗಿದ ಮಾರನೇ ದಿನವೇ ನಾನು ಸೀರೆ ಉಟ್ಟು ಪಾಂಡವಪುರದ ಕಾಲೇಜಿಗೆ ಪಾಠ ಮಾಡಲು ಹೊರಟೆ. ನೀನಿಲ್ಲದಿದ್ದರೆ ಆ ಕೆಲಸ ಬಿಡಬೇಕಾಗಿತ್ತು. ಆಗ ಅದು ನನಗೆ ಹೊಳೆದಿತ್ತಾ? ಎಲ್ಲಿ ಬಂತು!

ನೀನು ಕೂಸಿಗೆ ನೀರು ಹಾಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಳ್ಳುತ್ತಿದ್ದೆ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುವುದು. ತಲೆಗೆ ಹಾಕುವಾಗ ಹಣೆಗೆ ಅಂಗೈ ಅಡ್ಡ ಹಿಡಿಯುವುದು, ಕಣ್ಣಿಗೆ ಒಂದು ಹನಿ ಇಳಿಯಬಾರದು. ನಿನ್ನ ಮಗ ಡ್ಯೂಟಿ ಮುಗಿಸಿ ಬಂದವನು ಬಾಗಿಲಲ್ಲಿ ಇಣುಕಿದರೆ ಸಾಕು, "ಓಗ್ಲಾ ಆಚಿಕೆ! ಗಂಡಸ್ಗೇನ್ಲಾ ಕೆಲ್ಸ ಬಚ್ಚಲ್ತಾವ?" ಅಂತ ಗದರುತ್ತಿದ್ದೆ. ಬಸ್ಸು ತುಂಬ ಜನರನ್ನು ಹದ್ದುಬಸ್ತಿನಲ್ಲಿಡುವ ಡ್ರೈವರು ಬಾಲ ಮುದುರಿಕೊಂಡು ಹೋಗುತ್ತಿದ್ದ.

ಜನಗಣತಿಗೆ ಮೇಷ್ಟ್ರೊಬ್ಬರು ಬಂದ ದಿನ. ಇದನ್ನು ಬರೆಯುವುದಕ್ಕೇ ಈ ಕಾಗದ ಹಿಡಿದೆ, ಆದರೂ ಕೈ ತಡೆಯುತ್ತಿದೆ. ನೀನು ಸುಮಾಳನ್ನು ಸೊಂಟಕ್ಕೇರಿಸಿ ಮುದ್ದೆ ಉಣ್ಣಿಸುತ್ತಿದ್ದೆ. ಅವರು ನಿನ್ನ ಕಡೆ ನೋಡಿ, "ಅಜ್ಜಿ ಏನ್ ಕೆಲಸ ಮಾಡ್ತಾರೆ?" ಅಂತ ಕೇಳಿದರು. ನಾನು ಉತ್ತರಪತ್ರಿಕೆಯಿಂದ ತಲೆ ಎತ್ತದೆ, "ಏನೂ ಇಲ್ಲ ಸಾರ್, ಸುಮ್ನೆ ಮನೇಲಿರ್ತಾರೆ" ಅಂದುಬಿಟ್ಟೆ. ನಿನ್ನ ಕೈ ತುತ್ತು ಹಿಡಿದಲ್ಲೇ ನಿಂತಿತು. ಆಮೇಲೆ, "ಊ ಕಣಪ್ಪ, ಅಂಗೇ ಬರ್ಕೊ" ಅಂತ ನೀನೇ ಅಂದೆ. ಬೈದಿದ್ದರೆ ಚೆನ್ನಾಗಿತ್ತು ಅತ್ತೆ. ನೀನು ಬೈಯಲೂ ಇಲ್ಲ, ನಾನು ತಪ್ಪಾಯಿತು ಅನ್ನಲೂ ಇಲ್ಲ. ನೀನು ಹೋಗಿ ಎಂಟು ವರ್ಷವಾಯಿತು.

ಹೋದ ತಿಂಗಳು ತರಗತಿಯಲ್ಲಿ ಇದೇ ಪಾಠ ಬಂತು. ಬೇರೆ ಬೇರೆ ದೇಶಗಳ ಸರ್ಕಾರಗಳು ಸಂಸಾರಸ್ಥರಿಗೆ ಏನೇನು ಕೊಡುತ್ತವೆ ಅಂತ. ಸ್ವೀಡನ್‌ನಲ್ಲಿ ಮಗು ಹುಟ್ಟಿದರೆ ಅಪ್ಪನಿಗೂ ತಿಂಗಳುಗಟ್ಟಲೆ ರಜೆ. ಅದರಲ್ಲಿ ಒಂದು ಪಾಲು ಅವನೇ ತಗೋಬೇಕು, ಇಲ್ಲದಿದ್ದರೆ ಹೋಯಿತು, ಹೆಂಡತಿಗೆ ದಾಟಿಸುವ ಹಾಗಿಲ್ಲ. ಈಗೀಗ ಕೆಲವು ದಿನಗಳನ್ನು ಅಜ್ಜಿ ತಾತಂದಿರಿಗೂ ಕೊಡಬಹುದಂತೆ. ಜರ್ಮನಿಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಮನೆಯಲ್ಲೇ ನೋಡಿಕೊಂಡರೆ ಅದಕ್ಕೂ ಸರ್ಕಾರದ ದುಡ್ಡುಂಟು. ಜಪಾನಿನಲ್ಲಿ ಅಪ್ಪಂದಿರಿಗೆ ಕಾನೂನು ಧಾರಾಳವಾಗಿ ರಜೆ ಕೊಟ್ಟರೂ, ಕಚೇರಿಯಲ್ಲಿ ಯಾರು ಏನಂದುಕೊಳ್ಳುತ್ತಾರೋ ಅಂತ ಬಹಳ ಕಾಲ ಹೆಚ್ಚಿನವರು ತಗೊಳ್ಳಲೇ ಇಲ್ಲ. ಅಲ್ಲೂ ಬಚ್ಚಲ ಬಾಗಿಲಲ್ಲಿ ನಿನ್ನಂಥ ಒಬ್ಬಳು ನಿಂತಿದ್ದಾಳೆ ಅನ್ನಿಸಿ ನಗು ಬಂತು. ಆಗ ಸಂತೆಬಾಚಹಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನಮ್ಮವ್ವ ಕೂಲಿಗೆ ಓಯ್ತಾಳೆ. ಅವ್ಳಿಗೆ ಯಾವ ರಜಾನೂ ಇಲ್ವಲ್ಲ. ಇಲ್ಲಿ ಅದ್ನೆಲ್ಲ ಯಾರ್ ಕೊಡ್ತಾರೆ?" ನಾನು, "ನಿಮ್ಮನ್ನ ಸಾಕಿದ್ದು ಯಾರು?" ಅಂದೆ. "ನಮ್ಮಜ್ಜಿ." ಇನ್ಯಾರ್‍ಯಾರನ್ನು ಅಜ್ಜಿ ಸಾಕಿದ್ದು ಅಂತ ಕೇಳಿದರೆ ಮುಕ್ಕಾಲು ತರಗತಿ ಕೈ ಎತ್ತಿತು. ಅಷ್ಟು ಕೈಗಳನ್ನು ನೋಡಿ ನಾನು ಪುಸ್ತಕ ಮುಚ್ಚಿದೆ. ಬೇರೆ ದೇಶದಲ್ಲಿ ಸರ್ಕಾರ ಹೊತ್ತ ಭಾರವನ್ನು ಇಲ್ಲಿ ಒಬ್ಬ ಮುದುಕಿ ಸೊಂಟದ ಮೇಲೆ ಹೊತ್ತಳು. ಅವಳಿಗೆ ನಾವು ಕೊಟ್ಟ ಹೆಸರು "ಏನೂ ಇಲ್ಲ."

ಈಗ ಸುದ್ದಿ ಕೇಳು. ಸುಮಾಗೆ ಗಂಡುಕೂಸಾಗಿದೆ. ನಮ್ಮ ಮನೆಯಲ್ಲೇ ಬಾಣಂತನ. ಅಳಿಯನಿಗೆ ಕಾರ್ಖಾನೆಯಲ್ಲಿ ಐದು ದಿನ ರಜೆ ಸಿಕ್ಕಿತು, ಮುಗಿಸಿಕೊಂಡು ಹೋದ. ನನಗೆ ಪರೀಕ್ಷೆಯ ಕೆಲಸ, ಅಜ್ಜಿಯಾದಳು ಅಂತ ಯಾರು ರಜೆ ಕೊಡುತ್ತಾರೆ? ನೀರು ಹಾಕುವವರು ಯಾರು ಅಂತ ನಾನು ತಲೆ ಮೇಲೆ ಕೈಹೊತ್ತು ಕೂತಿದ್ದರೆ, ನಿವೃತ್ತನಾಗಿ ಮನೆಯಲ್ಲಿದ್ದ ನಿನ್ನ ಮಗ ಪಂಚೆ ಎತ್ತಿಕಟ್ಟಿ ಮಣೆ ಹಾಕಿಕೊಂಡು ಕೂತೇಬಿಟ್ಟ. ನಾನು ಓಡಿಬಂದೆ. "ಬ್ಯಾಡ ಕಣ್ರೀ, ಜಾರ್‍ಬುಟ್ಟಾತು!" "ಸುಮ್ಕಿರು. ನಮ್ಮವ್ವ ಓಗ್ಲಾ ಅಂತ ಬೈಯೋಗಂಟ ನಿಂತ್ಕಂಡ್ ನೋಡಿವ್ನಿ. ದಿನಾ ಅಷ್ಟಷ್ಟು." ಮೊಣಕೈ ಅದ್ದಿ ಬಿಸಿ ನೋಡಿದ. ಹಣೆಗೆ ಅಂಗೈ ಅಡ್ಡ ಹಿಡಿದ. ಥೇಟು ನಿನ್ನ ಕೈ ಅತ್ತೆ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮೊನ್ನೆ ಸಮೀಕ್ಷೆಗೆ ಅಂತ ಒಬ್ಬ ಹುಡುಗಿ ಮೊಬೈಲು ಹಿಡಿದು ಬಂದಳು. ನಿನ್ನ ಮಗ ಮೊಮ್ಮಗನನ್ನು ಟವೆಲಿನಲ್ಲಿ ಸುತ್ತಿ ಜಗಲಿಯಲ್ಲಿ ಕೂತಿದ್ದ. "ಕೆಲಸ? ನಿವೃತ್ತರು ಅಂತ ಹಾಕ್ಲಾ ಸಾರ್?"

"ರಿಟೈರಾಗಿದ್ದು ಬಸ್ಸಿಂದ ಕಣವ್ವ. ಈಗ ಕೂಸ್ ನೋಡ್ಕಳೋ ಕೆಲ್ಸ. ಅದ್ನೇ ಆಕು."

"ಇದರಲ್ಲಿ ಅದು ಬರಲ್ವಲ್ಲ ಸಾರ್."

"ಯಾಕ್ ಬರಾಕಿಲ್ಲ? ನಮ್ಮವ್ವ ಆರ್ ವರ್ಸ ಮಾಡುದ್ಲು."

ಅವಳು ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿ ಹುಡುಕಿ ಕೊನೆಗೆ "ಇತರೆ" ಅಂತ ಒಂದಿದೆ ಅಂದಳು. ಏನು ಕೆಲಸ ಅಂತ ಬರೆಯಲು ಜಾಗವಿದೆಯಾ ಅಂತ ಕೇಳಿದೆ. ಚೂರು ಜಾಗವಿತ್ತು. "ಕೊಡಮ್ಮ ಇಲ್ಲಿ," ಅಂತ ಮೊಬೈಲು ಇಸಕೊಂಡು ನಾನೇ ಒತ್ತಿದೆ: ಮಗು ಸಾಕುವುದು.

ಅಂದು ಜನಗಣತಿಯಲ್ಲಿ ಬರೆಸಬೇಕಿದ್ದ ನಿನ್ನ ಸಾಲು ಅದು ಅತ್ತೆ. ತಪ್ಪಾಯಿತು.

ನಿನ್ನ ತಮ್ಮನ ಮಗಳು