ಮಗಳ ಬಾಯಿಂದ ಹೇಳಿಸಿದ ಸಾಕ್ಷಿ

ಮಾರ್ಚ್ ಹದಿನಾಲ್ಕು, ಗುರುವಾರ. ರೂಮಲ್ಲಿ ಜೊತೆಗಿರೋರೆಲ್ಲ ಮಲಗಿದ್ದಾರೆ, ಮೆಟ್ಟಿಲ ಮೇಲೆ ಕೂತು ಡೈರಿ ಥರ ಫೋನಲ್ಲಿ ಮೆಲ್ಲಗೆ ಹೇಳಿ ರೆಕಾರ್ಡ್ ಮಾಡ್ಕೊಳ್ತಿದ್ದೀನಿ. ತಲೆ ಕೆಟ್ಟುಹೋಗಿದೆ.

ನಾನು ಕೆಲಸಕ್ಕೆ ಅಂತ ಈ ಊರಿಗೆ ಬಂದೆ, ಕೋರ್ಟು ಮಗಳನ್ನ ಅವಳಪ್ಪನ ಹತ್ರ ಬಿಡ್ತು. ಅವನೋ ಮಗೂನ ಒಳಗೆ ಬಿಟ್ಟು, ಬೀಗ ಹಾಕಿ, ಕುಡಿಯೋಕೆ ಹೋಗ್ತಾನೆ. ಅವಳನ್ನ ನನಗೆ ಕೊಡಿ ಅಂತ ಕೇಳೋಕೆ ಸಾಕ್ಷಿ ಬೇಕು ಅಂದಿದ್ರು ಲಾಯರಮ್ಮ. ಸರಿ, ಭಾನುವಾರ ಮಗಳ ಜೊತೆ ಫೋನಲ್ಲಿ ಮಾತಾಡಿದ್ದನ್ನೇ ರೆಕಾರ್ಡ್ ಮಾಡಿ ಕಳಿಸಿದೆ. ಇವತ್ತು ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಾನೇ ಅವರ ಫೋನಿಗೆ ಕಾಯ್ತಿದ್ದೆ.

"ಇದನ್ನ ಕೋರ್ಟಿಗೆ ಕೊಟ್ರೆ ನಿನ್ನ ಗಂಡನ ಲಾಯರ್ ಬಂದು ನನ್ನ ಕೈ ಕುಲುಕ್ತಾನೆ," ಅಂದ್ರು. "ಮಗು ನಿದ್ದೆ ಬರ್ತಿದೆ ಅಂತಿದೆ. ನೀನು 'ಅಪ್ಪ ಕುಡೀತಾನೆ ಅಲ್ವಾ, ಜೋರಾಗಿ ಹೇಳು ಪುಟ್ಟಿ' ಅಂತ ಪಾಠ ಮಾಡ್ತಿದ್ದೀಯಲ್ಲಮ್ಮ!"

ಪಾಠವಂತೆ! ಬೀಗ ಹಾಕೋನು ಅವನು, ಬೈಸಿಕೊಳ್ಳೋಳು ನಾನು. ಇರೋದನ್ನೇ ತಾನೇ ಹೇಳಿಸಿದ್ದು? ಪಕ್ಕದ ಮನೆಯವರನ್ನ ಸಾಕ್ಷಿಗೆ ಒಪ್ಪಿಸು ಅಂತಾರೆ. ಇಷ್ಟು ದೂರದಿಂದ ಯಾರ ಬಾಗಿಲು ತಟ್ಟಲಿ?

ರೋಷಕ್ಕೆ ಸಂಜೆ ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪನ ಸುದ್ದಿ ಎತ್ತಲೇ ಇಲ್ಲ, ದೇವರಾಣೆ. ಊಟ ಆಯ್ತಾ ಪುಟ್ಟಿ ಅಂದೆ, ಅಷ್ಟೇ. ಅವಳು ಫೋನನ್ನ ಗೋಡೆಗೆ ಒರಗಿಸಿಟ್ಟು, ನೆಟ್ಟಗೆ ಕೂತು, ಕೈಕಟ್ಟಿಕೊಂಡು, "ಅಪ್ಪ ಕುಡೀತಾರೆ. ಬೀಗ ಹಾಕ್ತಾರೆ. ಜೋರಾಗಿ ಹೇಳಿದ್ನಾ ಅಮ್ಮಾ? ಈಗ ಮಲಗ್ಲಾ?" ಅಂದ್ಲು.

ಮಲಕ್ಕೋ ಅಂದೆ. ಊಟ ಮಾಡಿದ್ಲೋ ಇಲ್ವೋ, ಅದನ್ನ ಮಾತ್ರ ಹೇಳ್ಲೇ ಇಲ್ಲ...